ಎಲೆಯಿಲ್ಲದ ಹಸುರು: ಏಕಕೋಶ ಜೀವಿಗಳಲ್ಲಿ ದ್ಯುತಿಸಂಶ್ಲೇಷಣೆ



1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ ಜಿಲ್ಲೆಯ ನ್ಯಾಲ್ಕಲ್, ಜಹೀರಾಬಾದ್, ನಾರಾಯಣಖೇಡ ಪ್ರದೇಶಗಳೂ ಗುಲ್ಬರ್ಗಾ ಜಿಲ್ಲೆಯ ತಾಂಡೂರೂ ಆಂಧ್ರಪ್ರದೇಶಕ್ಕೆ ಸೇರಿದವು. ಅಂದಿನಿಂದ ಈ ಭಾಗದ ಕನ್ನಡ ಮಾಧ್ಯಮದ ವಿದ್ಯಾರ್ಥಿಯು ವಿಜ್ಞಾನವನ್ನು ಎರಡು ಪರಿಭಾಷೆಗಳ ನಡುವೆ ಕಲಿಯುತ್ತಿದ್ದಾನೆ. ಅವನ ಪುಸ್ತಕದಲ್ಲಿರುವುದು ‘ದ್ಯುತಿಸಂಶ್ಲೇಷಣೆ’. ತೆಲುಗು ಮಾಧ್ಯಮದಲ್ಲಿ ಓದುವ ನೆರೆಮನೆಯ ಗೆಳೆಯನ ಪುಸ್ತಕದಲ್ಲಿರುವುದು ‘ಕಿರಣಜನ್ಯ ಸಂಯೋಗಕ್ರಿಯ’. ಇದನ್ನು ತೊಡಕೆಂದು ಭಾವಿಸಬೇಕಾಗಿಲ್ಲ. ಎರಡು ಪದಗಳನ್ನೂ ಕಪ್ಪುಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದು ಬಿಡಿಸಿದರೆ, ಬೆಳಕಿನ ಬಲದಿಂದ ನಡೆಯುವ ಜೋಡಣೆ ಎಂಬ ಒಂದೇ ಅರ್ಥ ಎರಡರಿಂದಲೂ ಹೊರಡುತ್ತದೆ.

ನಿಜವಾದ ತೊಡಕು ಇನ್ನೊಂದು ಪದದಲ್ಲಿದೆ. ಕನ್ನಡದ ‘ಪತ್ರಹರಿತ್ತು’, ತೆಲುಗಿನ ‘ಪತ್ರಹರಿತಂ’ ಎರಡರಲ್ಲೂ ‘ಪತ್ರ’ ಎಂದರೆ ಎಲೆ. ಗ್ರೀಕ್ ಮೂಲದ ‘ಕ್ಲೋರೋಫಿಲ್’ ಎಂಬುದರ ಅರ್ಥವೂ ಎಲೆಯ ಹಸುರೆಂದೇ. ಮೊದಲು ಅದನ್ನು ಎಲೆಗಳಿಂದ ಬೇರ್ಪಡಿಸಿದ್ದರಿಂದ ಆ ಹೆಸರು ಬಂದಿತು. ಆದರೆ ಎಲೆಯಿದ್ದಲ್ಲಿ ಮಾತ್ರ ಆಹಾರ ತಯಾರಾಗುತ್ತದೆಂಬ ತಪ್ಪು ಕಲ್ಪನೆ ಈ ಹೆಸರಿನಿಂದಲೇ ಮಗುವಿನ ಮನಸ್ಸಿನಲ್ಲಿ ಬೇರೂರುವ ಸಂಭವವಿದೆ. ಅದನ್ನು ತಿದ್ದಲು ಏಕಕೋಶ ಜೀವಿಗಳಿಗಿಂತ ಉತ್ತಮ ನಿದರ್ಶನವಿಲ್ಲ.

ಬೇಸಿಗೆಯಲ್ಲಿ ದನಗಳ ನೀರಿನ ತೊಟ್ಟಿ ಹಸುರುಗಟ್ಟುವುದನ್ನು ಹಳ್ಳಿಯ ಮಕ್ಕಳೆಲ್ಲರೂ ಕಂಡಿರುತ್ತಾರೆ. ಮಂಜೀರಾ ನದಿಯ ನಿಂತ ಮಡುವುಗಳಲ್ಲಿಯೂ ಅಂಥ ಬಣ್ಣ ಕಾಣಬಹುದು. ಹೀಗೆ ಹಸುರಾದ ನೀರಿನಲ್ಲಿ ಸಾಮಾನ್ಯವಾಗಿ ಕ್ಲೋರೆಲ್ಲಾ, ಕ್ಲಾಮಿಡೋಮೊನಾಸ್‌ಗಳಂತಹ ಜೀವಿಗಳಿರುತ್ತವೆ. ಒಂದು ಕ್ಲೋರೆಲ್ಲಾ ಕೋಶದ ವ್ಯಾಸ ಮಿಲಿಮೀಟರಿನ ಸಾವಿರದಲ್ಲಿ 2ರಿಂದ 10 ಭಾಗದಷ್ಟು. ಅದಕ್ಕೆ ಬೇರಿಲ್ಲ, ಕಾಂಡವಿಲ್ಲ, ಎಲೆಯಿಲ್ಲ, ಪತ್ರರಂಧ್ರವೂ ಇಲ್ಲ. ನೀರು ಸುತ್ತಲೂ ಇದೆ. ಅದರಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಕೋಶಪೊರೆಯ ಮೂಲಕ ನೇರವಾಗಿ ಒಳಸೇರುತ್ತದೆ. ಒಳಗಿನ ಬಟ್ಟಲಿನಾಕಾರದ ಒಂದೇ ಕ್ಲೋರೋಪ್ಲಾಸ್ಟ್ ಬೆಳಕನ್ನು ಹೀರಿ, ನೀರನ್ನು ಒಡೆದು, ಆಮ್ಲಜನಕವನ್ನು ಹೊರಬಿಟ್ಟು, ಸಕ್ಕರೆಯನ್ನು ಕಟ್ಟುತ್ತದೆ.

ನೀಲಿ-ಹಸುರು ಶೈವಲಗಳೆಂದು ಕರೆಯಲಾಗುವ ಸಯನೋಬ್ಯಾಕ್ಟೀರಿಯಾಗಳಲ್ಲಿ ಕ್ಲೋರೋಪ್ಲಾಸ್ಟ್ ಸಹ ಇಲ್ಲ. ಪತ್ರಹರಿತ್ತು ಅವುಗಳ ಕೋಶದೊಳಗಿನ ಪೊರೆಗಳ ಮೇಲೆಯೇ ಇರುತ್ತದೆ. ಸುಮಾರು 240 ಕೋಟಿ ವರ್ಷಗಳ ಹಿಂದೆ ವಾತಾವರಣದಲ್ಲಿ ಆಮ್ಲಜನಕ ಸಂಗ್ರಹವಾಗತೊಡಗಿದ್ದು ಇವುಗಳಿಂದಲೇ. ಅಂದು ಭೂಮಿಯಲ್ಲಿ ಒಂದು ಎಲೆಯೂ ಇರಲಿಲ್ಲ. ಅವುಗಳ ಪೂರ್ವಜವೊಂದು ಬೇರೊಂದು ಕೋಶದೊಳಗೆ ನೆಲೆಸಿ ಕ್ಲೋರೋಪ್ಲಾಸ್ಟ್ ಆಯಿತೆಂಬುದು ಇಂದು ವಿಜ್ಞಾನಿಗಳು ಒಪ್ಪಿರುವ ವಿವರಣೆ. ಇಂದಿಗೂ ಭೂಮಿಯ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಅರ್ಧದಷ್ಟು ಸಾಗರಗಳಲ್ಲಿ, ಬಹುಪಾಲು ಸೂಕ್ಷ್ಮಜೀವಿಗಳಿಂದ ನಡೆಯುತ್ತದೆ.

ಸಕ್ಕರೆ ಕಟ್ಟುವ ಹಂತಗಳನ್ನು ಮನುಷ್ಯನಿಗೆ ತೋರಿಸಿಕೊಟ್ಟದ್ದೂ ಏಕಕೋಶ ಶೈವಲಗಳೇ. ಕ್ಯಾಲಿಫೋರ್ನಿಯಾದಲ್ಲಿ ಮೆಲ್ವಿನ್ ಕ್ಯಾಲ್ವಿನ್ ಹಾಗೂ ಅವರ ಸಹೋದ್ಯೋಗಿಗಳು ಕ್ಲೋರೆಲ್ಲಾದಂತಹ ಶೈವಲಗಳಿಗೆ ವಿಕಿರಣಶೀಲ ಇಂಗಾಲವನ್ನು ಉಣಿಸಿ, ಕೆಲವು ಸೆಕೆಂಡುಗಳ ಬಳಿಕ ಅವುಗಳನ್ನು ಬಿಸಿ ಆಲ್ಕೊಹಾಲಿಗೆ ಸುರಿದು ಕ್ರಿಯೆಯನ್ನು ನಿಲ್ಲಿಸುತ್ತಿದ್ದರು. ಇಂಗಾಲ ಯಾವ ಯಾವ ವಸ್ತುವಾಗಿ ಮಾರ್ಪಡುತ್ತದೆಂಬುದು ಹೀಗೆ ತಿಳಿಯಿತು. ಈ ಕಾರ್ಯಕ್ಕೆ ಕ್ಯಾಲ್ವಿನ್‌ರಿಗೆ 1961ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು.

ತರಗತಿಯಲ್ಲಿ ಇದಕ್ಕೆ ಎರಡು ಪಾರದರ್ಶಕ ಬಾಟಲಿಗಳು ಸಾಕು. ಎರಡಕ್ಕೂ ತೊಟ್ಟಿಯ ಹಸುರು ನೀರನ್ನು ಸಮನಾಗಿ ತುಂಬಿ, ಮುಚ್ಚಳವನ್ನು ಸಡಿಲವಾಗಿಡಬೇಕು. ಒಂದನ್ನು ಬೆಳಕಿರುವ ಕಿಟಕಿಯಲ್ಲಿಡಬೇಕು, ಉರಿಬಿಸಿಲು ಬೇಡ. ಇನ್ನೊಂದನ್ನು ಕಪ್ಪು ಬಟ್ಟೆಯಲ್ಲಿ ಸುತ್ತಿ ಅದರ ಪಕ್ಕದಲ್ಲೇ ಇಡಬೇಕು. ಹತ್ತು ದಿನಗಳ ಬಳಿಕ ಎರಡನ್ನೂ ಕುಲುಕಿ, ಬಿಳಿ ಹಾಳೆಯ ಮುಂದೆ ಹಿಡಿದು ಬಣ್ಣಗಳನ್ನು ಹೋಲಿಸಬೇಕು. ಮಕ್ಕಳು ಕೈ ತೊಳೆದುಕೊಳ್ಳುವುದು ಅವಶ್ಯ. ಈ ಪ್ರಯೋಗ ಹಸುರಿನ ಬೆಳವಣಿಗೆಗೆ ಬೆಳಕು ಬೇಕೆಂಬುದನ್ನಷ್ಟೇ ಸೂಚಿಸುತ್ತದೆ, ಆಮ್ಲಜನಕದ ಬಿಡುಗಡೆಯನ್ನಲ್ಲ. ಈ ಮಿತಿಯನ್ನು ಮಕ್ಕಳಿಗೆ ತಿಳಿಸುವುದೂ ವಿಜ್ಞಾನ ಬೋಧನೆಯ ಭಾಗವೇ.

ಹತ್ತನೆಯ ತರಗತಿಯ ಅನಂತರ ಅನೇಕ ಮಕ್ಕಳ ಬೋಧನಾ ಮಾಧ್ಯಮ ಬದಲಾಗುತ್ತದೆ. ಕಂಠಪಾಠ ಮಾಡಿದ ಕನ್ನಡ ವ್ಯಾಖ್ಯೆ ಅಲ್ಲಿ ನೆರವಿಗೆ ಬಾರದು. ಕನ್ನಡದಲ್ಲಿ ಅರ್ಥವಾದ ವಿಷಯ ಯಾವ ಭಾಷೆಯಲ್ಲಿಯೂ ನೆರವಿಗೆ ಬರುತ್ತದೆ. ಆದುದರಿಂದ ಪಾಠದ ಕೊನೆಗೆ ಶಿಕ್ಷಕರು ಒಂದು ಪ್ರಶ್ನೆಯನ್ನು ತಪ್ಪದೆ ಕೇಳಬೇಕು: ಎಲೆಯೇ ಇಲ್ಲದ ಜೀವಿ ತನ್ನ ಆಹಾರವನ್ನು ತಾನೇ ತಯಾರಿಸಬಲ್ಲುದೇ, ಹೇಗೆ? ಮಗು ತೊಟ್ಟಿಯ ನೀರನ್ನು ನೆನೆದು ತನ್ನ ಮಾತಿನಲ್ಲಿ ಉತ್ತರಿಸಿದರೆ ಪಾಠ ತಲುಪಿದೆ ಎಂದು ತಿಳಿಯಬಹುದು.