ಸೈಕಲ್ ಮನೆಯಲ್ಲಿಟ್ಟು ಹೋದ ಪ್ರವಾಸ



ಲೋಕಲ್ ಹಿಡಿಯುವ ಅವಸರದಲ್ಲಿ ಎಡವಿ ಬಿದ್ದರೆ ಮುಂಬಯಿಯಲ್ಲಿ ನಾಲ್ಕು ಜನ ಬಂದು ಎತ್ತುತ್ತಾರೆ. ಬೇಕೆಂದೇ ಸೈಕಲ್ ಹಾರಿಸಲು ಹೋಗಿ ಬಿದ್ದವನನ್ನೂ ಎತ್ತುತ್ತಾರೆ. ಆದರೆ ಎತ್ತುತ್ತಲೇ “ಇದೆಲ್ಲ ಬೇಕಿತ್ತಾ?” ಎಂದು ಕೇಳುತ್ತಾರೆ. ಹಾಗೆ ಕೇಳಿಸಿಕೊಂಡವರಲ್ಲಿ ನಾನೂ ಒಬ್ಬ. ಬಿದ್ದ ಮೇಲೆ ಮಾಡಿದ ಒಂದು ಪ್ರವಾಸದ ವಿಷಯವನ್ನು ಇಂದು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ನಮ್ಮ ಅಪ್ಪಯ್ಯ ಕುಂದಾಪುರದ ಕಡೆಯವರು. ಚಿಕ್ಕ ವಯಸ್ಸಿನಲ್ಲೇ ಮುಂಬಯಿಗೆ ಬಂದು, ಹಗಲು ಫೋರ್ಟ್ ಪರಿಸರದ ಕ್ಯಾಂಟೀನಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿದವರು. ಅವರಿಗೆ ಸೈಕಲ್ ಎಂದರೆ ಕೆಲಸಕ್ಕೆ ಹೋಗುವ ಸಾಧನ. ಮೂವತ್ತು ದಾಟಿದ ಮಗ ಮಕ್ಕಳ ಸೈಕಲಿನಂಥದ್ದನ್ನು ಹಿಡಿದು ಭಾನುವಾರ ಬೆಳಗ್ಗೆ ಹೊರಟರೆ, “ಎಂತಕ್ಕೆ ಮಗಾ ಈ ಸರ್ಕಸ್ಸು?” ಎನ್ನುತ್ತಿದ್ದರು.

ಆ ಸೈಕಲಿನ ಹೆಸರು ಬಿಎಂಎಕ್ಸ್. ಬೈಸಿಕಲ್ ಮೋಟೋಕ್ರಾಸ್ ಎಂಬುದರ ಚಿಕ್ಕ ರೂಪ. 1970ರ ಸುಮಾರಿಗೆ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಮಣ್ಣಿನ ದಿಬ್ಬಗಳ ಮೇಲೆ ಮೋಟಾರ್ ಸೈಕಲ್ ಪಂದ್ಯವನ್ನು ಅನುಕರಿಸಿ ಆಡಿದ ಆಟ ಇದು. ಚಕ್ರ ಕೇವಲ 20 ಇಂಚು, ಗೇರ್ ಒಂದೇ. ಅನೇಕರು ಬ್ರೇಕನ್ನೂ ತೆಗೆದುಹಾಕುತ್ತಾರೆ. ಓಟದ ಸ್ಪರ್ಧೆ 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಸೇರಿತು. ಕಸರತ್ತಿನ ಸ್ಪರ್ಧೆಯಾದ ಫ್ರೀಸ್ಟೈಲ್, 2021ರಲ್ಲಿ ನಡೆದ ಟೋಕಿಯೋ ಕ್ರೀಡಾಕೂಟದಲ್ಲಿ ಸೇರಿತು. ನಮ್ಮ ದೇಶದಲ್ಲಿ ಸ್ಕೇಟ್ ಪಾರ್ಕುಗಳೇ ಕಡಿಮೆ. ಇರುವವೂ ಹೆಚ್ಚಾಗಿ ಸ್ಕೇಟ್‌ಬೋರ್ಡ್ ಹುಡುಗರಿಗಾಗಿ ಕಟ್ಟಿದವು. ಅಲ್ಲಿ ನಾವು ಸೈಕಲಿನವರು ಹೊಂದಿಕೊಂಡು ಆಡುವ ಅತಿಥಿಗಳು. ಹಾಗಾಗಿ ಯಾವ ಊರಿನಲ್ಲಿ ಯಾರು ಆಡುತ್ತಾರೆ ಎಂಬುದು ನಮಗೆಲ್ಲ ಗೊತ್ತಿರುತ್ತದೆ.

ಎರಡು ವರ್ಷದ ಹಿಂದೆ, ಮಳೆಗಾಲ ಮುಗಿದ ಮೊದಲ ಭಾನುವಾರ, ಆರಡಿ ಎತ್ತರದ ಇಳಿಜಾರಿನಿಂದ ಹಾರಿ ಇಳಿಯುವಾಗ ನನ್ನ ಪಾದ ಪೆಡಲಿನಿಂದ ಜಾರಿತು. ನೆಲಕ್ಕೆ ಊರಿದ ಬಲಗಾಲು ಹಾಗೇ ತಿರುಚಿಕೊಂಡಿತು. ಮೊಣಕಾಲಿನ ಒಳಗೆ ‘ಟಕ್’ ಎಂದ ಸದ್ದು ನನ್ನ ಕಿವಿಗೇ ಕೇಳಿಸಿತು. ತಪ್ಪು ಯಾರದೂ ಅಲ್ಲ, ನನ್ನದೇ. ತೇವ ಪೂರ್ತಿ ಆರುವವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ.

ತೊಡೆಯ ಮೂಳೆಯನ್ನೂ ಕೆಳಗಾಲಿನ ಮೂಳೆಯನ್ನೂ ಬಿಗಿಹಿಡಿಯುವ ಲಿಗಮೆಂಟೊಂದು ಹರಿದಿತ್ತು. ಕ್ರಿಕೆಟ್, ಫುಟ್‌ಬಾಲ್ ಆಟಗಾರರ ಸುದ್ದಿಯಲ್ಲಿ ನೀವು ಕೇಳುವ ಎಸಿಎಲ್ ಅದೇ. ತೊಡೆಯ ಹಿಂಬದಿಯಿಂದ ಸ್ನಾಯುರಜ್ಜುವಿನ ಎಳೆ ತೆಗೆದು ಹೊಸ ಲಿಗಮೆಂಟ್ ಕಟ್ಟಿದರು. ಮೂರನೆಯ ತಿಂಗಳಿಗೆ ನೋವು ಬಹುಮಟ್ಟಿಗೆ ಹೋಗಿತ್ತು. ಆದರೆ ಫಿಸಿಯೋಥೆರಪಿಯ ಅಕ್ಕ ಒಂದು ಮಾತನ್ನು ಪದೇಪದೇ ಹೇಳುತ್ತಿದ್ದರು. ಕಸಿ ಮಾಡಿದ ಎಳೆಗೆ ರಕ್ತ ಸಂಚಾರ ಕೂಡಿ, ಅದು ನಿಜವಾದ ಲಿಗಮೆಂಟಿನಂತೆ ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ನೋವಿಲ್ಲ ಎಂದರೆ ಗುಣವಾಯಿತು ಎಂದಲ್ಲ. ಕನಿಷ್ಠ ಒಂಬತ್ತು ತಿಂಗಳು ಹಾರುವ ಆಟ ಬೇಡ.

ಕಾಲಿಗಿಂತ ಹೆಚ್ಚು ಕಾಡಿದ್ದು ಬೇರೆಯದೇ. ಮೊದಲ ವಾರ ಗೆಳೆಯರ ಫೋನುಗಳು ಬಂದವು. ಆಮೇಲೆ ಕಡಿಮೆಯಾಗಿ, ಕೊನೆಗೆ ನಿಂತೇ ಹೋದವು. ಹತ್ತು ವರ್ಷ ಜತೆಗೆ ಆಡಿದವರು! ಇವರಿಗೆ ಬೇಕಾಗಿದ್ದದ್ದು ನಾನೋ, ನನ್ನ ಸೈಕಲೋ ಎಂದು ರಾತ್ರಿ ಮಲಗಿ ಕಹಿಯಾಗಿ ಯೋಚಿಸುತ್ತಿದ್ದೆ. ಐದನೆಯ ತಿಂಗಳಲ್ಲಿ ಆ ಅಕ್ಕನೇ, “ನಾಲ್ಕು ದಿನ ಎಲ್ಲಾದರೂ ಹೋಗಿ ಬನ್ನಿ, ನಡೆಯಿರಿ, ಸೈಕಲ್ ಮಾತ್ರ ಮುಟ್ಟಬೇಡಿ” ಎಂದರು. ನಾನು ಹೋಗಿದ್ದು ಸ್ಕೇಟ್ ಪಾರ್ಕುಗಳಿಗೇ. ಕೈಯಲ್ಲಿ ಸೈಕಲ್ ಇದ್ದರೆ ಹತ್ತದೆ ಇರಲಾರೆ ಎಂದು ಅದನ್ನು ಮನೆಯಲ್ಲೇ ಬಿಟ್ಟೆ.

ಮೊದಲ ನಿಲ್ದಾಣ ಪುಣೆ. ನಗರದ ಹೊರಗೆ ಗೋದಾಮಿನ ಶೆಡ್ಡಿನಲ್ಲಿ ಗೆಳೆಯನೊಬ್ಬ ಪ್ಲೈವುಡ್ಡಿನ ರ‍್ಯಾಂಪುಗಳನ್ನು ಮಾಡಿಕೊಂಡಿದ್ದಾನೆ. ಚಹಾ ಕೊಟ್ಟ, ಕುರ್ಚಿ ಕೊಟ್ಟ. ಕಾಲಿನ ವಿಷಯ ಒಂದು ಮಾತೂ ಎತ್ತಲಿಲ್ಲ. ಹಲಗೆಯ ಮೇಲೆ ಚಕ್ರ ಉರುಳುವ ಗಡಗಡ ಸದ್ದು ಕೇಳುತ್ತಾ ಕುಳಿತೆ. ಒಂದು ಗಂಟೆಯೂ ಕೂರಲಾಗಲಿಲ್ಲ. ಏನೋ ನೆಪ ಹೇಳಿ ಎದ್ದು ಬಂದೆ.

ಮರುದಿನ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಹೊರಟೆ. ಕಲಬುರಗಿಯಲ್ಲಿ ಕಿಟಕಿಯಿಂದ ಕನ್ನಡ ಬೋರ್ಡು ಕಂಡಾಗ ಮನಸ್ಸು ಸ್ವಲ್ಪ ಹಗುರಾಯಿತು. ಬೆಂಗಳೂರಿಗೆ ಈ ಆಟದಲ್ಲಿ ವಿಶೇಷ ಸ್ಥಾನವಿದೆ. 2013ರಲ್ಲಿ ಹೋಲಿಸ್ಟೋಕ್ಡ್ ಎಂಬ ಅಲ್ಲಿಯ ಗೆಳೆಯರ ಬಳಗ, ಹೊರದೇಶದಿಂದ ಬಂದವರ ಜತೆಗೂಡಿ, ತಾವೇ ಕಾಂಕ್ರೀಟ್ ಹಾಕಿ ಪಾರ್ಕ್ ಕಟ್ಟಿತು. ಆಮೇಲೆ ದೇಶದ ಬೇರೆ ಕಡೆಗಳಲ್ಲೂ ಕಟ್ಟಿತು.

ಅಲ್ಲಿಯ ಗೆಳೆಯ ನನ್ನನ್ನು ನೋಡಿದವನೇ, “ಏನ್ ಗುರು, ಕಾಲ್ ಹೆಂಗಿದೆ?” ಎಂದ. ನನಗೆ ಸಿಟ್ಟು ಬಂತು. “ಐದು ತಿಂಗಳ ಮೇಲೆ ಕೇಳ್ತೀಯಲ್ಲ” ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ, “ಫೋನ್ ಮಾಡಿ ಏನ್ ಮಾತಾಡೋದು ಅಂತ ಗೊತ್ತಾಗ್ಲಿಲ್ಲ. ನಿನ್ನ ಮಂಡಿ ನೆನೆಸ್ಕೊಂಡ್ರೆ ನನ್ನ ಮಂಡಿ ನಡುಗುತ್ತೆ. ಮಾರನೇ ದಿನ ನಾನೂ ರ‍್ಯಾಂಪ್ ಹತ್ತಬೇಕಲ್ಲ?”

ಬಂಧುಗಳೆ, ಆ ಮಾತು ನನ್ನ ಕಣ್ಣು ತೆರೆಸಿತು. ಪುಣೆಯವನ ಮೌನದ ಅರ್ಥವೂ ಆಗ ಹೊಳೆಯಿತು. ನನ್ನನ್ನು ಮರೆತದ್ದಲ್ಲ, ಹೆದರಿದ್ದು.

ಆ ಸಂಜೆ ಒಂಬತ್ತು ವರ್ಷದ ಹುಡುಗನೊಬ್ಬ ಪದೇಪದೇ ಬಿದ್ದು ಅಳುತ್ತಿದ್ದ. ಹತ್ತಿರ ಕರೆದು ಬೀಳುವುದನ್ನು ಹೇಳಿಕೊಟ್ಟೆ. ಮೊದಲು ಸೈಕಲನ್ನು ನಿನ್ನಿಂದ ಆಚೆಗೆ ತಳ್ಳು. ಕೈ ಚಾಚಿ ನೆಲಕ್ಕೆ ಊರಬೇಡ, ಮಣಿಕಟ್ಟು ಮುರಿಯುವುದು ಹಾಗೆಯೇ. ಮೊಣಕೈ ಮಡಚು, ಗಲ್ಲವನ್ನು ಎದೆಗೆ ಒತ್ತು, ಭುಜದ ಮೇಲೆ ಉರುಳು. ಹುಲ್ಲಿನ ಮೇಲೆ ಇಪ್ಪತ್ತು ಸಲ ಉರುಳಿಸಿದೆ. ನನ್ನ ಮುಂಬಯಿ ಕನ್ನಡ ಕೇಳಿ ಅವನು ನಕ್ಕ. ನಕ್ಕವನು ಎದ್ದು ಮತ್ತೆ ಸೈಕಲ್ ಹತ್ತಿದ. ಎರಡು ಗಂಟೆ ಕಳೆದದ್ದೇ ನನಗೆ ತಿಳಿಯಲಿಲ್ಲ.

ಚೆನ್ನೈ ರೈಲಿನಲ್ಲಿ ಆಸ್ಟ್ರೇಲಿಯಾದ ಸ್ಯಾಮ್ ವಿಲೋಬಿ ನೆನಪಾದರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಿಎಂಎಕ್ಸ್ ಓಟದ ಬೆಳ್ಳಿ ಗೆದ್ದವರು. 2016ರ ಸೆಪ್ಟೆಂಬರಿನಲ್ಲಿ, ಅಭ್ಯಾಸದ ವೇಳೆ ಬಿದ್ದು ಕುತ್ತಿಗೆಗೆ ಪೆಟ್ಟಾಗಿ ಗಾಲಿಕುರ್ಚಿ ಹಿಡಿದರು. ಅದೇ ವರ್ಷ ರಿಯೋದಲ್ಲಿ ಬೆಳ್ಳಿ ಗೆದ್ದಿದ್ದ ಆಲಿಸ್ ಅವರನ್ನು ಮದುವೆಯಾಗಿ, ಅವರಿಗೇ ತರಬೇತುದಾರರಾದರು. ಆಲಿಸ್ 2017ರಲ್ಲೂ 2019ರಲ್ಲೂ ವಿಶ್ವ ಚಾಂಪಿಯನ್ ಆದರು. ಅವರ ಕಷ್ಟದ ಮುಂದೆ ನನ್ನ ಮೊಣಕಾಲು ಏನೂ ಅಲ್ಲ. ಆದರೆ ಬದಿಯಲ್ಲಿ ಕುಳಿತವನಿಗೂ ಅಲ್ಲಿ ಕೆಲಸವಿದೆ ಎಂಬುದು ಅವರಿಂದ ತಿಳಿಯಿತು.

ಕೊನೆಯ ಊರು ಚೆನ್ನೈ ಬಳಿಯ ಕೋವಳಂ. ಮೀನುಗಾರರ ಹಳ್ಳಿ, ಅಲೆ ಸವಾರಿ ಮಾಡುವವರ ಊರು. ಅಲ್ಲಿ ಬಟ್ಟಲಿನಂತೆ ತೋಡಿದ ಕಾಂಕ್ರೀಟಿನ ಬೌಲ್ ಇತ್ತು. ಸಂಜೆ ಗಾಳಿ ತಂಪಾಗಿತ್ತು, ಬೌಲ್ ಖಾಲಿ ಇತ್ತು, ತಮಿಳು ಗೆಳೆಯನ ಸೈಕಲ್ ಗೋಡೆಗೆ ಒರಗಿತ್ತು. ಕಾಲಿನಲ್ಲಿ ಎಳ್ಳಷ್ಟೂ ನೋವಿರಲಿಲ್ಲ. ಒಂದೇ ಒಂದು ಸುತ್ತು, ಯಾರಿಗೆ ಗೊತ್ತಾಗುತ್ತದೆ? ಹ್ಯಾಂಡಲ್ ಹಿಡಿದು ಅಂಚಿಗೆ ಬಂದು ನಿಂತೆ.

ಗೆಳೆಯ ಬೇಡ ಎನ್ನಲಿಲ್ಲ. ಹತ್ತಿರ ಬಂದು ಪ್ಯಾಂಟನ್ನು ಮೊಣಕಾಲಿನ ಮೇಲಕ್ಕೆ ಎತ್ತಿದ. ಒಂದೇ ಮಂಡಿಯ ಮೇಲೆ ಎರಡು ಶಸ್ತ್ರಚಿಕಿತ್ಸೆಯ ಗುರುತುಗಳಿದ್ದವು. “ಎರಡನೆಯದು ಐದನೇ ತಿಂಗಳಿನದು. ನನಗೂ ಆಗ ನೋವಿರಲಿಲ್ಲ” ಎಂದ.

ಸೈಕಲನ್ನು ಮತ್ತೆ ಗೋಡೆಗೆ ಒರಗಿಸಿದೆ. ಇಬ್ಬರೂ ಬೌಲಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತು, ಕತ್ತಲಾಗುವವರೆಗೆ ಮಾತಾಡಿದೆವು. ಅಷ್ಟು ವರ್ಷ ಜತೆಗೆ ಆಡಿದ್ದರೂ ಅವನಿಗೆ ಎಷ್ಟು ಮಕ್ಕಳು ಎಂಬುದು ನನಗೆ ಗೊತ್ತಾದದ್ದು ಅಂದೇ.

ಹತ್ತನೆಯ ತಿಂಗಳು ಎರಡೂ ಕಾಲುಗಳ ಬಲ ಅಳೆದು ನೋಡಿ, ಆಗಬಹುದು ಎಂದರು. ಮೊದಲ ದಿನ ಸಮತಟ್ಟಾದ ನೆಲದ ಮೇಲೆ ಹದಿನೈದು ನಿಮಿಷ ಮಾತ್ರ ಓಡಿಸಿದೆ. ಮನೆಗೆ ಬಂದಾಗ ಅಪ್ಪಯ್ಯ ಬಾಗಿಲಲ್ಲೇ ಇದ್ದರು. “ಇವತ್ತು ಬಿದ್ದ್ಯಾ?” ಎಂದು ಕೇಳಿದರು. “ಇಲ್ಲ ಅಪ್ಪಯ್ಯ” ಎಂದೆ. “ಹಾಂಗಾರೆ ಊಟಕ್ಕೆ ಬಾ” ಎಂದರು. ಸರ್ಕಸ್ಸಿನ ಮಾತು ಅಂದು ಬರಲಿಲ್ಲ.

ಕೇಳುಗ ಬಂಧುಗಳೆ, ನಿಮ್ಮ ಮನೆಯಲ್ಲಿ ಸೈಕಲ್ ಹಾರಿಸುವವರು ಇರಲಿಕ್ಕಿಲ್ಲ. ಆದರೆ ಬಿದ್ದು ಮನೆ ಹಿಡಿದವರು, ಆಪರೇಷನ್ ಆಗಿ ಮಲಗಿದವರು ನಿಮ್ಮ ಪರಿಚಯದಲ್ಲಿ ಇದ್ದೇ ಇರುತ್ತಾರೆ. ಮಹಾನಗರದಲ್ಲಿ ಬೊರಿವಲಿಯಿಂದ ಡೊಂಬಿವಲಿಗೆ ಹೋಗುವುದೆಂದರೆ ಅರ್ಧ ದಿನ ಬೇಕು, ನಿಜ. ಏನು ಮಾತಾಡುವುದು ಎಂಬ ಸಂಕೋಚವೂ ನಿಜ. ಆದರೂ ಹೋಗಿ ಬನ್ನಿ. ಮಾತು ತೋಚದಿದ್ದರೆ ಜತೆಗೆ ಕುಳಿತು ಒಂದು ಲೋಟ ಚಹಾ ಕುಡಿದು ಬನ್ನಿ. ನಾನೂ ಪುಣೆಯ ಆ ಶೆಡ್ಡಿಗೆ ಮತ್ತೊಮ್ಮೆ ಹೋಗಿ, ಅಂದು ಅರ್ಧಕ್ಕೆ ಬಿಟ್ಟು ಬಂದ ಚಹಾವನ್ನು ಪೂರ್ತಿ ಕುಡಿದು ಬಂದೆ.