ಹಳೆಯ ಟ್ರಂಕಿನ ಹುಲಿಯುಗುರು
(ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಊರು ಬಿಟ್ಟು ಈ ನಗರಕ್ಕೆ ಬಂದಾಗ ನಾವು ಹೊತ್ತು ತಂದ ಟ್ರಂಕುಗಳಲ್ಲಿ ಏನೇನಿದ್ದುವು? ಅಮ್ಮನ ಇಳಕಲ್ ಸೀರೆ, ತಾತನ ಪಂಚಪಾತ್ರೆ. ಕೆಲವರ ಮನೆಗಳಲ್ಲಿ, ಮಗುವಿಗೆ ದೃಷ್ಟಿ ತಾಗದಿರಲೆಂದು ಬಂಗಾರದಲ್ಲಿ ಕಟ್ಟಿಸಿದ ಹುಲಿಯುಗುರು. ಅದನ್ನು ನಾವು ಅಜ್ಜಿಯ ವಾತ್ಸಲ್ಯದ ಗುರುತೆಂದು ಕಾಣುತ್ತೇವೆ. ಕಾನೂನು ಕಾಣುವ ಬಗೆ ಬೇರೆ. 2023ರ ಅಕ್ಟೋಬರಿನಲ್ಲಿ ಬೆಂಗಳೂರಿನ ಟಿ.ವಿ. ಕಾರ್ಯಕ್ರಮವೊಂದರ ಸ್ಪರ್ಧಿಯ ಕೊರಳಲ್ಲಿ ಹುಲಿಯುಗುರು ಕಂಡುಬಂದುದರಿಂದ ಅರಣ್ಯಾಧಿಕಾರಿಗಳು ಆತನನ್ನು ಬಂಧಿಸಿದರು.

ಕಾಡು ಕಾಯುವವರಿಗೆ ಪಟ್ಟಣದಲ್ಲೇನು ಅಧಿಕಾರವೆಂದು ನಮ್ಮಲ್ಲಿ ಹಲವರು ಕೇಳಿದರು. ಅಧಿಕಾರ ಉಂಟು. ಹುಲಿ ಸಾಯುವುದು ಕಾಡಿನಲ್ಲಾದರೂ ಅದರ ಉಗುರು ಬಿಕರಿಯಾಗುವುದು ಪೇಟೆಯಲ್ಲಿ. ಆದುದರಿಂದಲೇ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 50ನೆಯ ಕಲಮು, ಅಪರಾಧ ನಡೆದಿದೆಯೆಂದು ನಂಬಲು ಸಕಾರಣವಿದ್ದರೆ, ವಾಹನವನ್ನು ನಿಲ್ಲಿಸಲು, ಮನೆಯನ್ನು ಶೋಧಿಸಲು, ವಸ್ತುವನ್ನು ಜಪ್ತಿಮಾಡಲು ಅರಣ್ಯಾಧಿಕಾರಿಗೆ ಅಧಿಕಾರ ಕೊಟ್ಟಿದೆ. ಕರೆದಾಗ ಬಂದು ಉತ್ತರಿಸುವನೆಂಬ ಭರವಸೆ ಹುಟ್ಟದಿದ್ದರೆ ವಾರಂಟಿಲ್ಲದೆಯೇ ಬಂಧಿಸಬಹುದು. 57ನೆಯ ಕಲಮಿನಂತೆ, ವಸ್ತು ನಮ್ಮಲ್ಲಿ ಸಿಕ್ಕಿತೆಂದರೆ ಅದು ಸಕ್ರಮವಾದುದೆಂದು ತೋರಿಸುವ ಹೊಣೆ ನಮ್ಮದೇ. ಹುಲಿಯ ವಿಷಯದಲ್ಲಿ ಶಿಕ್ಷೆ 3ರಿಂದ 7 ವರ್ಷಗಳ ಸೆರೆ, ಜೊತೆಗೆ ದಂಡ.

ಇಷ್ಟು ಅಧಿಕಾರವಿದ್ದ ಮೇಲೆ ಬೇಲಿಯೇ ಎದ್ದು ಹೊಲ ಮೇಯ್ದರೆ ಗತಿಯೇನು? ಅದಕ್ಕೂ ಕಾಯಿದೆಯಲ್ಲಿ ಕಟ್ಟುಪಾಡಿದೆ. ಬಂಧಿತನನ್ನೂ ಜಪ್ತಿಯಾದ ವಸ್ತುವನ್ನೂ ಕೂಡಲೇ ಮ್ಯಾಜಿಸ್ಟ್ರೇಟರ ಮುಂದೆ ಒಯ್ಯಬೇಕು. ಪೀಡಿಸುವುದಕ್ಕಾಗಿ ಅನಾವಶ್ಯಕವಾಗಿ ಜಪ್ತಿಮಾಡಿದ ಅಧಿಕಾರಿಗೆ 53ನೆಯ ಕಲಮಿನ ಪ್ರಕಾರ ಆರು ತಿಂಗಳವರೆಗೆ ಸೆರೆಯಾಗಬಹುದು. ಅಧಿಕಾರವನ್ನು ಕೊಟ್ಟ ಕೈಯೇ ಅದಕ್ಕೆ ಮೂಗುದಾರವನ್ನೂ ಹಾಕಿದೆ.

ಇನ್ನು ನಮ್ಮ ಕರ್ತವ್ಯ. ಇಂಥ ವಸ್ತುವಿಗೆ ಮಾಲಿಕತ್ವದ ಪ್ರಮಾಣಪತ್ರ ಬೇಕು. ಪಿತ್ರಾರ್ಜಿತವಾಗಿ ಬಂದಿದ್ದರೆ, ಬಂದ 90 ದಿನಗಳೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಣೆ ಸಲ್ಲಿಸಬೇಕು. ನಮ್ಮಂಥ ವಲಸೆಗಾರರು ಮುಖ್ಯವಾಗಿ ಗಮನಿಸಬೇಕಾದ ಮಾತೊಂದಿದೆ: ಪ್ರಮಾಣಪತ್ರವಿದ್ದರೂ ವಸ್ತುವನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸಿದರೆ 30 ದಿನಗಳೊಳಗೆ ಸಂಬಂಧಪಟ್ಟ ಪರಿಪಾಲಕರಿಗೆ ತಿಳಿಸಬೇಕು. ಇಟ್ಟುಕೊಳ್ಳಲು ಮನಸ್ಸಿಲ್ಲದವರು ಏಳು ಕೆಲಸದ ದಿನಗಳ ಮುನ್ಸೂಚನೆ ಕೊಟ್ಟು ಸರಕಾರಕ್ಕೆ ಒಪ್ಪಿಸಲು 2022ರ ತಿದ್ದುಪಡಿ ದಾರಿಮಾಡಿದೆ, ಅದಕ್ಕೆ ಪರಿಹಾರಧನವಿಲ್ಲ. ಕಾಗದಪತ್ರವೇ ಇಲ್ಲದವರು ಕದ ತಟ್ಟುವವರೆಗೆ ಕಾಯದೆ, ಬಲ್ಲ ವಕೀಲರನ್ನು ಕೇಳಿಕೊಂಡು ತಾವೇ ಇಲಾಖೆಗೆ ಹೋಗುವುದು ಲೇಸು. ಹೆದರಿ ಮಾರುವುದಾಗಲಿ, ಊರಿನ ನೆಂಟರ ಮನೆಗೆ ಸಾಗಿಸುವುದಾಗಲಿ ತಪ್ಪಿನ ಮೇಲೆ ತಪ್ಪು.

ಅಜ್ಜಿ ಹರಸಿ ಕಟ್ಟಿದ್ದು ಮಗು ಸುಖವಾಗಿರಲೆಂದು. ಅದೇ ಮಗು ಬೆಳೆದು ಕೋರ್ಟಿನ ಮೆಟ್ಟಿಲು ಹತ್ತಲೆಂದಲ್ಲ. ಬೇಸಗೆಯ ರಜೆಯಲ್ಲಿ ನಮ್ಮ ಮಕ್ಕಳು ಬಂಡೀಪುರಕ್ಕೋ ನಾಗರಹೊಳೆಗೋ ಹೋದಾಗ ಹುಲಿಯನ್ನು ಉಗುರುಸಮೇತ ಕಾಡಿನಲ್ಲೇ ಕಾಣಲಿ. ಈ ರಾಜ್ಯೋತ್ಸವ ಮುಗಿಸಿ ಮನೆಗೆ ಹೋದ ಮೇಲೆ ಎಲ್ಲರೂ ಒಮ್ಮೆ ಹಳೆಯ ಟ್ರಂಕನ್ನು ತೆರೆದು ನೋಡೋಣವೆಂದು ಬಿನ್ನವಿಸಿ ನಮ್ಮ ಮಾತನ್ನು ಮುಗಿಸುತ್ತೇವೆ.

ಜಯ ಕರ್ನಾಟಕ!