ಸಾಲಿಗ್ರಾಮವೂ ಸಮುದ್ರತೀರದ ಶಿಲೆಗಳೂ



ಗಂಡಕೀ ನದಿಯ ಸಾಲಿಗ್ರಾಮದೊಳಗಿನ ಚಕ್ರವನ್ನು ನಿಮ್ಮಲ್ಲಿ ಅನೇಕರು ದೇವರ ಪೆಟ್ಟಿಗೆಯಲ್ಲಿ ಕಂಡಿರಬಹುದು. ಅದು ಅಮೊನೈಟ್ ಎಂಬ ಕಡಲಪ್ರಾಣಿಯ ಸುರುಳಿಚಿಪ್ಪಿನ ಗುರುತು. ನಮ್ಮ ಮೈಸೂರು ಸೀಮೆಯ ಬಂಡೆಗಳಲ್ಲಿ ಇಂತಹುದು ದೊರೆಯದು. ಅವುಗಳಲ್ಲಿ ಬಹುಭಾಗವು ಪ್ರಾಣಿಗಳು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಉಂಟಾದವು. ಆದರೆ ಇಂಗ್ಲೆಂಡಿನ ದಕ್ಷಿಣ ತೀರದಲ್ಲಿರುವ ಲೈಮ್ ರೀಜಿಸ್ ಎಂಬ ಸಣ್ಣ ಊರಿನಲ್ಲಿ ಇದೇ ಚಕ್ರವು ಕಾಲಿಗೆ ತೊಡರುವಷ್ಟು ಹೇರಳವಾಗಿದೆ.

ಅಲ್ಲಿ ಕಡಲಿನ ಅಂಚಿನಲ್ಲಿ ನೀಲಿಬೂದು ಬಣ್ಣದ ಕಡಿದಾದ ದರೆಯು ನಿಂತಿದೆ. ಸುಣ್ಣಕಲ್ಲಿನದೊಂದು ಪದರ, ಅದರ ಮೇಲೆ ಜೇಡಿಕಲ್ಲಿನದೊಂದು ಪದರ, ಹೀಗೆ ಅಡಕಿಲಿಟ್ಟಂತೆ ಜೋಡಿಸಿದೆ. ಸುಮಾರು 20 ಕೋಟಿ ವರ್ಷಗಳ ಹಿಂದೆ ಅದು ಬೆಚ್ಚನೆಯ ಸಮುದ್ರದ ತಳವಾಗಿದ್ದಿತು. ಸತ್ತ ಪ್ರಾಣಿಗಳು ಕೆಸರಿನಲ್ಲಿ ಹೂತುವು; ಮಾಂಸವು ಕೊಳೆಯಿತು; ಮೂಳೆ ಚಿಪ್ಪುಗಳೊಳಕ್ಕೆ ನೀರಿನ ಖನಿಜಗಳು ಇಳಿದು ಅವು ಕಲ್ಲಾದವು. ಕೆಳಗಿನ ಪದರವು ಮೊದಲಿನದು, ಮೇಲಿನದು ಆಮೇಲಿನದು. ಇದೇ ಶಿಲೆಗಳ ಕಾಲಗಣನೆಗೆ ಮೂಲಸೂತ್ರ.

ಚಳಿಗಾಲದ ಬಿರುಗಾಳಿಗೆ ದರೆಯು ಕುಸಿಯುತ್ತದೆ. ಹೊಸ ಪಳೆಯುಳಿಕೆಗಳು ಹೊರಬೀಳುತ್ತವೆ. ಅವುಗಳನ್ನು ಬೇಗನೆ ಆಯ್ದುಕೊಳ್ಳದಿದ್ದರೆ, ಹೊರತೆಗೆದ ಅಲೆಗಳೇ ಅವುಗಳನ್ನು ಪುಡಿಮಾಡುತ್ತವೆ. ಆದುದರಿಂದ ಅಲ್ಲಿಯ ಶೋಧನೆಯು ದೂರದ ಪಂಡಿತರಿಗಿಂತಲೂ ದಿನವೂ ದಡದಲ್ಲಿ ಇರುವವರಿಗೇ ಸಾಧ್ಯ. ಹಾಗೆ ಇದ್ದವಳು ಮೇರಿ ಆ್ಯನಿಂಗ್.

1799ರಲ್ಲಿ ಹುಟ್ಟಿದ ಈಕೆ ಬಡ ಬಡಗಿಯ ಮಗಳು. 1810ರಲ್ಲಿ ತಂದೆಯು ಸಾಲವನ್ನು ಬಿಟ್ಟು ತೀರಿಕೊಂಡನು. ದಡದಲ್ಲಿ ಆಯ್ದ ಕಲ್ಲುಗಳನ್ನು ಮಾರಿ ಕುಟುಂಬವು ಬದುಕಬೇಕಾಯಿತು. 1811ರಲ್ಲಿ ಅಣ್ಣನು ಒಂದು ದೊಡ್ಡ ತಲೆಬುರುಡೆಯನ್ನು ಕಂಡನು. ಮರುವರ್ಷ ಮೇರಿಯು ಉಳಿದ ಎಲುಬುಗಳನ್ನು ಹುಡುಕಿದಳು. ಅದೇ ಇಕ್ತಿಯೋಸಾರ್, ಮೀನಿನ ಆಕಾರದ ಸರೀಸೃಪ. 1823ರಲ್ಲಿ ನೀಳವಾದ ಕೊರಳಿನ ಪ್ಲೀಸಿಯೋಸಾರ್ ದೊರೆಯಿತು. ಅಷ್ಟು ಉದ್ದದ ಕೊರಳು ಉಂಟೇ ಎಂದು ಫ್ರಾನ್ಸಿನ ಮಹಾಪಂಡಿತ ಕುವಿಯೇ ಸಂದೇಹಪಟ್ಟನು, ಕಡೆಗೆ ಒಪ್ಪಿದನು. 1833ರಲ್ಲಿ ದರೆಯು ಕುಸಿದು ಆಕೆಯ ನಾಯಿ ಸತ್ತಿತು. ಆಕೆ ಕೂದಲೆಳೆಯಷ್ಟರಲ್ಲಿ ಉಳಿದಳು.

ಆಕೆ ತೆಗೆದ ಎಲುಬುಗಳನ್ನು ಕುರಿತು ಪಂಡಿತರು ಪ್ರಬಂಧಗಳನ್ನು ಬರೆದರು. ಅವುಗಳಲ್ಲಿ ಆಕೆಯ ಹೆಸರು ಬಹುಮಟ್ಟಿಗೆ ಕಾಣಲಿಲ್ಲ. ಲಂಡನ್ನಿನ ಭೂಗರ್ಭಶಾಸ್ತ್ರ ಸಂಘವು ಹೆಂಗಸರನ್ನು ಸದಸ್ಯರನ್ನಾಗಿ ಸೇರಿಸಿಕೊಂಡದ್ದು 1919ರಲ್ಲಿ. ಆಕೆಯಾದರೋ 1847ರಲ್ಲಿಯೇ ಕಾಲವಾಗಿದ್ದಳು. ಊರಿನಲ್ಲಿ ಆಕೆಯ ಪ್ರತಿಮೆ ನಿಂತದ್ದು 2022ರಲ್ಲಿ.

ಕಲ್ಲಿನಲ್ಲಿ ಅಡಗಿದ ಜೀವವನ್ನು 20 ಕೋಟಿ ವರ್ಷಗಳ ಮೇಲೆಯೂ ಗುರುತಿಸಬಹುದು. ಅದನ್ನು ಗುರುತಿಸಿದ ಮನುಷ್ಯರನ್ನು ಗುರುತಿಸುವುದಕ್ಕೆ ನಮಗೆ ಇಷ್ಟು ತಡವಾಗಬಾರದಾಗಿತ್ತು. ಮುಂದೆ ಸಾಲಿಗ್ರಾಮವನ್ನು ಕೈಗೆ ತೆಗೆದುಕೊಂಡಾಗ, ಅದನ್ನು ಹೊಳೆಯಿಂದ ಆಯ್ದು ತಂದವರನ್ನೂ ಒಮ್ಮೆ ನೆನೆಯಿರಿ.